ಕಾಣದವನ ಹತ್ತನೆಯ ದಿನ

"ಗುರುಗಳೇ, ಮನುಷ್ಯನ ಎದುರಿಗೆ ಆಡುವ ಮಾತು ನಿಜವೋ, ಅವನ ಬೆನ್ನ ಹಿಂದೆ ಆಡುವ ಮಾತು ನಿಜವೋ?"

ಕೇಳಿದವನು ವಾಮನ. ಅವನು ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು. ಓದಿನಲ್ಲಿ ಮುಂದು, ನಡೆಯಲ್ಲಿ ಚೊಕ್ಕ. ಆದರೆ ಆ ವಾರ ಮೂರು ಸಲ ಅವನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಒಳಗಿನವರ ಮಾತು ಕೇಳಿದ್ದ. ಗುರುಗಳು ಅದನ್ನು ನೋಡಿದ್ದರು. ನೋಡಿದೆನೆಂದು ಹೇಳಿರಲಿಲ್ಲ.

"ನಿನಗೆ ಯಾವುದು ನಿಜ ಅನ್ನಿಸುತ್ತದೆ?"

"ಬೆನ್ನ ಹಿಂದಿನದು. ಎದುರಿಗೆ ಎಲ್ಲರೂ ಮರ್ಯಾದೆಗೆ ಮಾತಾಡುತ್ತಾರೆ. ಅವರ ಕಣ್ಣಿಗೆ ಬೀಳದೆ ನಿಂತು ಕೇಳಿದರೆ ಮಾತ್ರ ನನ್ನ ಯೋಗ್ಯತೆ ನನಗೆ ತಿಳಿದೀತು. ಅದರಿಂದ ಯಾರಿಗೂ ನಷ್ಟವಿಲ್ಲವಲ್ಲ, ಗುರುಗಳೇ?"

"ಕೂತುಕೋ," ಎಂದರು ಗುರುಗಳು. ವಾಮನ ಕೂತ ಮೇಲೆ ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ವಿಜ್ಞಾನಿ ಇದ್ದ. ಬೆಳಕಿನ ಗುಣವನ್ನು ಕುರಿತು ಇಪ್ಪತ್ತೈದು ವರ್ಷ ದುಡಿದಿದ್ದ. ಮನೆಯ ಹಿಂದೆಯೇ ಅವನ ಪ್ರಯೋಗಾಲಯ. ಮನೆಯಲ್ಲಿ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಪಕ್ಕದ ಬೀದಿಯಲ್ಲಿ ತಮ್ಮನ ಮನೆ, ಹೊಳೆಯ ಆಚೆ ಅಕ್ಕನ ಮನೆ. ಪ್ರಯೋಗಾಲಯದಲ್ಲಿ ಒಬ್ಬ ಸಹಾಯಕ ಹತ್ತು ವರ್ಷದಿಂದ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ.

ವಿಜ್ಞಾನಿಗೆ ಐವತ್ತು ತುಂಬಿದಾಗ ಊರಿನವರು ಸನ್ಮಾನ ಮಾಡಿದರು. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಏಳು ಜನ ಮಾತಾಡಿದರು. ಏಳು ಜನರೂ ಹೊಗಳಿದರು. ಸಭೆ ಮುಗಿದು ಅವನು ಹೊರಗಿನ ಪಡಸಾಲೆಗೆ ಬಂದಾಗ ನಾಲ್ಕೈದು ಜನ ನಿಂತು ನಗುತ್ತಿದ್ದರು. ಅವನನ್ನು ಕಂಡು ನಗು ನಿಂತಿತು.

ಹೊಗಳಿಕೆಯೆಲ್ಲ ಅಲ್ಲಿಗೇ ಉದುರಿಹೋಯಿತು. ನಿಂತುಹೋದ ನಗು ಮಾತ್ರ ಅವನ ಜೊತೆ ಮನೆಗೆ ಬಂತು.

ಆ ಸಂಜೆ ಹೆಂಡತಿ ಶಾಲನ್ನು ಮಡಿಸುತ್ತಾ ಏನೋ ಹೇಳಿದಳು. ಅವನು ಹೂಂ ಎಂದ. ಅವಳು ಇನ್ನೊಮ್ಮೆ ಹೇಳಿದಳು. ಅವನು ಇನ್ನೊಮ್ಮೆ ಹೂಂ ಎಂದ. ಅವನ ತಲೆಯಲ್ಲಿ ಬೇರೆಯೇ ನಡೆದಿತ್ತು. ಅವರು ಯಾಕೆ ನಕ್ಕರು? ತಾನು ಬಂದೊಡನೆ ಯಾಕೆ ನಿಲ್ಲಿಸಿದರು? ತಾನಿಲ್ಲದ ಕಡೆ ತನ್ನ ಬಗ್ಗೆ ಜನ ಏನು ಆಡಿಕೊಳ್ಳುತ್ತಾರೆ?

ಅವನ ಕೈಯಲ್ಲಿ ಆಗ ಒಂದು ಕೆಲಸವಿತ್ತು. ಬೆಳಕನ್ನು ತಡೆಯದೆ, ತಿರುಗಿಸದೆ, ಹಾಗೆಯೇ ದಾಟಲು ಬಿಡುವ ಒಂದು ಲೇಪ. ವೈದ್ಯರಿಗೆಂದು ಅದನ್ನು ಆರಂಭಿಸಿದ್ದ. ರೋಗಿಯ ಮೈಗೆ ಹಚ್ಚಿದರೆ, ಚರ್ಮ ಕೊಯ್ಯದೆಯೇ ಒಳಗಿನ ಗಾಯ ಕಾಣಬೇಕು ಎಂಬುದು ಅವನ ಉದ್ದೇಶವಾಗಿತ್ತು. ಸನ್ಮಾನದ ಮರುದಿನದಿಂದ ಅವನು ರೋಗಿಗಳನ್ನು ಮರೆತ. ಲೇಪವನ್ನು ಬೇರೆ ದಾರಿಗೆ ತಿರುಗಿಸಿದ.

ಮೊದಲು ಒಂದು ಬಟ್ಟಲು ಕಾಣದಾಯಿತು. ಆಮೇಲೆ ಅವನ ಕಿರುಬೆರಳು. ಆಮೇಲೆ ಅವನು.

ಆ ಲೇಪ ಬರಿಯ ನೀರಿಗೆ ಬಿಡುತ್ತಿರಲಿಲ್ಲ. ಸೀಗೆಪುಡಿ ಹಾಕಿ ಅರ್ಧ ಗಂಟೆ ತಿಕ್ಕಿದರೆ ಬಿಡುತ್ತಿತ್ತು. ಅದರಲ್ಲೇ ಅದ್ದಿ ಒಣಗಿಸಿದ ಪಂಚೆಯೊಂದನ್ನು ಉಟ್ಟರೆ ಮಾನಕ್ಕೂ ಕೊರತೆಯಿರಲಿಲ್ಲ. ಯಾರಿಗೂ ಹೇಳಲಿಲ್ಲ. ನೋಡುವವನು ಇದ್ದಾನೆಂದು ಗೊತ್ತಾದರೆ ನೋಡಿಸಿಕೊಳ್ಳುವವರು ಬದಲಾಗುತ್ತಾರೆ ಎಂಬುದು ಅವನ ಶಾಸ್ತ್ರದ ನಿಯಮ. ಆ ನಿಯಮ ಅವನಿಗೆ ಬಹಳ ಅನುಕೂಲವಾಯಿತು.

ಮೊದಲ ದಿನ ಪ್ರಯೋಗಾಲಯದ ಮೂಲೆಯಲ್ಲಿ ನಿಂತ. ಗಾಜಿನ ಸಾಮಾನು ತೊಳೆಯುವ ಹೆಂಗಸು ಸಹಾಯಕನನ್ನು ಕೇಳುತ್ತಿದ್ದಳು.

"ಅವತ್ತು ಸನ್ಮಾನದಲ್ಲಿ ಅಷ್ಟೊಂದು ಯಾಕೆ ನಗ್ತಿದ್ರಿ, ಸ್ವಾಮಿ?"

"ಅಯ್ಯೋ, ಆ ಉಪ್ಪಿಟ್ಟು! ಅಧ್ಯಕ್ಷರು ಕಟ್ಟಿಸಿಕೊಂಡ ಹಲ್ಲು ಕಳಚಿ ತಟ್ಟೆಗೆ ಬಿತ್ತು. ಗೋಡಂಬಿ ಅಂದ್ಕೊಂಡು ಮತ್ತೆ ಬಾಯಿಗೆ ಹಾಕ್ಕೊಂಡ್ರು. ಅಷ್ಟರಲ್ಲಿ ನಮ್ಮ ಸರ್ ಬಂದ್ರು. ಅವರೆದುರಿಗೆ ನಗೋದು ಹೇಗೆ? ನುಂಗ್ಕೊಂಡ್ವಿ."

"ಹಲ್ಲನ್ನಾ?"

"ನಗುವನ್ನ, ಮಾರಾಯ್ತಿ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಹುಡುಕಿದ್ದು ಸಿಕ್ಕಿತ್ತು. ಆದರೆ ವಿಜ್ಞಾನಿಗೆ ಆ ಉತ್ತರ ಚಿಕ್ಕದೆನಿಸಿತು. ತಾನು ಇಷ್ಟು ಶ್ರಮಪಟ್ಟದ್ದು ಒಬ್ಬ ಅಧ್ಯಕ್ಷನ ಹಲ್ಲಿಗಾಗಿಯೇ? ಅವನು ಹನ್ನೊಂದು ದಿನ ಅದೇ ಮೂಲೆಯಲ್ಲಿ, ಮನೆಯ ನಡುಮನೆಯಲ್ಲಿ, ತಮ್ಮನ ಜಗಲಿಯಲ್ಲಿ ನಿಂತ. ಜನ ಸೊಪ್ಪಿನ ಬೆಲೆ ಮಾತಾಡಿದರು. ಮಂಡಿ ನೋವು ಮಾತಾಡಿದರು. ಬಸ್ಸು ತಪ್ಪಿದ್ದನ್ನು ಮಾತಾಡಿದರು. ಅವನ ಸುದ್ದಿ ಬಂದದ್ದು ಒಂದೇ ಸಲ. ತಮ್ಮ ಬಂದು, "ಅಣ್ಣ ಊಟಕ್ಕೆ ಬರ್ತಾನಾ, ಅತ್ತಿಗೆ?" ಎಂದು ಕೇಳಿದ. ಹೆಂಡತಿ, "ಬಂದಾಗ ಬಂದರು," ಎಂದಳು.

ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹೊಗಳಿದ್ದರಂತೂ ಸರಿಯೇ. ಯಾರೂ ಏನೂ ಆಡದೆ ಹೋದದ್ದು ಅವನಿಗೆ ತಡೆಯಲಾಗಲಿಲ್ಲ. ಆಗ ಅವನು ಯೋಚಿಸಿದ: ರಾತ್ರಿಯೂಟಕ್ಕೆ ಮನೆಗೆ ಬರಲಿರುವ ಮನುಷ್ಯನನ್ನು ಕುರಿತು ಯಾರೂ ತೀರ್ಮಾನದ ಮಾತು ಆಡುವುದಿಲ್ಲ. ಇನ್ನು ಬರುವುದಿಲ್ಲ ಎಂದಾದ ಮೇಲೆಯೇ ಆಡುತ್ತಾರೆ.

ಒಂದು ಬೆಳಗ್ಗೆ ಹೊಳೆ ತುಂಬಿ ಹರಿಯುತ್ತಿತ್ತು. ವಿಜ್ಞಾನಿ ಸ್ನಾನಕ್ಕೆಂದು ಹೋದ. ಮೆಟ್ಟಿಲ ಮೇಲೆ ಚಪ್ಪಲಿ, ಕನ್ನಡಕ, ಅಂಗಿ ಬಿಟ್ಟ. ಲೇಪ ಹಚ್ಚಿಕೊಂಡು ಮನೆಗೆ ಹಿಂತಿರುಗಿ ಅಟ್ಟ ಹತ್ತಿದ.

ಊರಿನವರು ಎರಡು ದಿನ ಹುಡುಕಿದರು. ತಮ್ಮ ದೋಣಿಯಲ್ಲಿ ಮೂರು ಊರಿನವರೆಗೆ ಹೋಗಿ ಬಂದ. ದೇಹ ಸಿಗಲಿಲ್ಲ. ದೇಹ ಸಿಗದವನಿಗೆ ದರ್ಭೆಯ ಹುಲ್ಲಿನಿಂದ ಮೈ ಮಾಡಿ ಸುಡುವುದು ಆ ಕಡೆಯ ಪದ್ಧತಿ. ಹಾಗೆ ಮಾಡಿದರು. ತನ್ನ ಹುಲ್ಲಿನ ಮೈ ಉರಿಯುವುದನ್ನು ವಿಜ್ಞಾನಿ ಹತ್ತು ಮಾರು ದೂರದಿಂದ ನೋಡಿದ. ಹುಲ್ಲು ಬೇಗ ಉರಿಯಿತು.

ಸೂತಕದ ದಿನಗಳಲ್ಲಿ ನೆರೆಯವರು ಅಡುಗೆ ಮಾಡಿ ಕಳಿಸುತ್ತಿದ್ದರು. ಅದರಲ್ಲೇ ಅವನೂ ಉಂಡ. ಕೈಗೆ ಸಿಕ್ಕಿದ್ದನ್ನು ಅಟ್ಟಕ್ಕೆ ಒಯ್ದು ತಿನ್ನುತ್ತಿದ್ದ. ಸೂತಕದ ಮನೆಯಲ್ಲಿ ಎಷ್ಟು ಅನ್ನ ಉಳಿಯಿತೆಂದು ಯಾರು ನೋಡುತ್ತಾರೆ? ಬಂದವರೆಲ್ಲ ಅವನನ್ನು ಹೊಗಳಿದರು. ಅವನು ನಂಬಲಿಲ್ಲ. ಸತ್ತವನನ್ನು ಕುರಿತು ಕೆಟ್ಟದ್ದು ಆಡಬಾರದೆಂಬ ಮರ್ಯಾದೆ ಇದು, ಸನ್ಮಾನದ ಏಳು ಭಾಷಣದಂತೆಯೇ, ಎಂದುಕೊಂಡ. ತಮ್ಮ ಅತ್ತ. ಅಕ್ಕ ಹೊಳೆ ದಾಟಿ ಬಂದು ನೆಲಕ್ಕೆ ಬಿದ್ದು ಅತ್ತಳು. ಹೆಂಡತಿ ಅಳಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ಅವನ ಕನ್ನಡಕವನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸಿ ಗೂಡಿನಲ್ಲಿ ಇಡುತ್ತಿದ್ದಳು.

ಅಳಲಿಲ್ಲ ಎಂಬುದನ್ನು ವಿಜ್ಞಾನಿ ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಕನ್ನಡಕದ ವಿಷಯದಲ್ಲಿ ಏನು ಗುರುತು ಹಾಕಬೇಕೆಂದು ಅವನಿಗೆ ತೋಚಲಿಲ್ಲ.

ಅವನು ಕಾಯುತ್ತಿದ್ದದ್ದು ಹತ್ತನೆಯ ದಿನಕ್ಕೆ.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಕಾಗೆಗೆ ಪಿಂಡ ಇಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವನಿಗೆ ತೃಪ್ತಿಯಾಯಿತು, ಅವನು ದಾಟಿದ ಎಂದರ್ಥ. ಮುಟ್ಟದಿದ್ದರೆ ಅವನ ಮನಸ್ಸಿನಲ್ಲಿ ಏನೋ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಅವನಿಗೆ ಬೇಕಾಗಿದ್ದ ಮಾತನ್ನು ಹೇಳಬೇಕು. ಸುಳ್ಳು ಹೇಳಿದರೆ ಕಾಗೆ ಮುಟ್ಟುವುದಿಲ್ಲ. ಮರ್ಯಾದೆಗೆ ಆಡಿದ ಮಾತಿಗೂ ಮುಟ್ಟುವುದಿಲ್ಲ. ಆದ್ದರಿಂದ ಆ ದಂಡೆಯಲ್ಲಿ ಜನ ನಿಜವನ್ನೇ ಆಡುತ್ತಾರೆ. ವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿರಲಿಲ್ಲ.

ಒಂದು ವಿಷಯ ಮಾತ್ರ ಅವನನ್ನು ಕಾಡಿತು. ಅದೇ ದಿನ, ಅದೇ ದಂಡೆಯಲ್ಲಿ, ಹೆಂಡತಿಯ ಬಳೆ ಒಡೆದು ಕುಂಕುಮ ಅಳಿಸುತ್ತಾರೆ. ಅವನು ಅದಕ್ಕೂ ಸಮಯ ಹೊಂದಿಸಿದ. ಕಾಗೆ ಮುಟ್ಟಿದ ಮೇಲೆ ತಮ್ಮನ ಸ್ನಾನ, ದಾನ, ಎಲ್ಲ ಸೇರಿ ಒಂದು ಗಂಟೆ ಬೇಕು. ಬಳೆ ಅದರ ನಂತರ. ತನಗೆ ತಿಕ್ಕಿಕೊಳ್ಳಲು ಬೇಕಾದದ್ದು ಅರ್ಧ ಗಂಟೆ. ಬಳೆಯ ಹೊತ್ತಿಗೆ ತಾನು ಎದುರಿಗೆ ನಿಂತಿರುತ್ತೇನೆ. ಹಿಂದಿನ ದಿನವೇ ಸೀಗೆಪುಡಿಯ ಡಬ್ಬಿಯನ್ನು ದಂಡೆಯ ಬಂಡೆಯ ಹಿಂದೆ ಇಟ್ಟು ಬಂದ. ಹೆಂಡತಿಗೆ ಎಷ್ಟು ಸಂತೋಷವಾದೀತು ಎಂದೂ ಒಮ್ಮೆ ಯೋಚಿಸಿದ.

ಹತ್ತನೆಯ ದಿನ ಬಂತು. ಬಿಸಿಲು ಏರುವ ಮೊದಲೇ ತಮ್ಮ ಬಾಳೆಯೆಲೆಯ ಮೇಲೆ ಪಿಂಡ ಇಟ್ಟು ಹಿಂದೆ ಸರಿದ. ಪುರೋಹಿತರು, ಅಕ್ಕ, ಹೆಂಡತಿ, ಸಹಾಯಕ, ನಾಲ್ಕಾರು ಹೆಂಗಸರು ದೂರದಲ್ಲಿ ನಿಂತರು. ಒಂದು ಮಾತೂ ತಪ್ಪಬಾರದೆಂದು ವಿಜ್ಞಾನಿ ಪಿಂಡದ ಪಕ್ಕದಲ್ಲೇ, ಒಂದು ಮೊಳದ ಅಂತರದಲ್ಲಿ ನಿಂತ.

ಅರಳಿಮರದಲ್ಲಿ ಕಾಗೆಗಳಿದ್ದವು. ಒಂದು ಇಳಿದು ಬಂತು. ಕುಪ್ಪಳಿಸುತ್ತಾ ಎಲೆಯ ಹತ್ತಿರಕ್ಕೆ ಬಂತು. ಅಲ್ಲಿ ಕಣ್ಣಿಗೆ ಬೀಳದ ಏನೋ ಉಸಿರಾಡುತ್ತಿತ್ತು. ಕಾಗೆ ಬೆಚ್ಚಿ ಹಾರಿತು.

"ಹತ್ತಿರ ಬಂದು ಹೋಯಿತು," ಎಂದರು ಪುರೋಹಿತರು. "ಏನೋ ಉಳಿದಿದೆ. ಹೇಳಿಕೊಳ್ಳಿ."

ತಮ್ಮ ಮುಂದೆ ಬಂದ. "ಅಣ್ಣಾ, ನಿನ್ನ ಪುಸ್ತಕ, ನಿನ್ನ ಕಾಗದಪತ್ರ ಎಲ್ಲ ಇದ್ದ ಹಾಗೇ ಇಡ್ತೀನಿ. ಒಂದು ಹಾಳೆಯನ್ನೂ ತೂಕಕ್ಕೆ ಹಾಕೋದಿಲ್ಲ. ಅತ್ತಿಗೇನ ನನ್ನ ತಾಯಿ ಹಾಗೆ ನೋಡ್ಕೋತೀನಿ."

ಕಾಗೆ ಬರಲಿಲ್ಲ. ವಿಜ್ಞಾನಿ ಇನ್ನಷ್ಟು ಬಗ್ಗಿ ಕೇಳಿದ.

ಸಹಾಯಕ ಮುಂದೆ ಬಂದ. "ಸರ್, ಮೂರು ವರ್ಷದ ಹಿಂದೆ ನಿಮ್ಮ ಆ ಲೇಖನದ ನಾಲ್ಕನೇ ಪಟ್ಟಿ ತಪ್ಪಾಗಿದೆ ಅಂದೆ. ನೀವು ಬಾಗಿಲು ತೋರಿಸಿದಿರಿ. ಆಮೇಲೆ ನಾನು ಸುಮ್ಮನಾದೆ. ಅದು ಈಗಲೂ ತಪ್ಪೇ, ಸರ್. ಅದನ್ನ ಸರಿಮಾಡಿ ನಿಮ್ಮ ಹೆಸರಿನಲ್ಲೇ ಕಳಿಸ್ತೀನಿ. ನನ್ನ ಹೆಸರು ಎಲ್ಲೂ ಹಾಕೋದಿಲ್ಲ."

ಇನ್ನೊಂದು ಕಾಗೆ ಇಳಿಯಿತು. ಎಲೆಯ ಅಂಚಿಗೆ ಬಂದು ಅದೂ ಹಾರಿಹೋಯಿತು.

ಅಕ್ಕನಿಗೆ ಸಿಟ್ಟು ಬಂತು. ಸೆರಗು ಸಿಕ್ಕಿಸಿಕೊಂಡು ಎಲೆಯ ಮುಂದೆ ನಿಂತಳು. "ಏನಾಗಬೇಕೋ ನಿನಗೆ? ಹುಟ್ಟಿದಾಗಿನಿಂದ ಹೀಗೇ ನೀನು. ಎಲೆ ಹಾಕಿ ಕರೆದರೆ ಬರೋನಲ್ಲ. ಎಲ್ಲ ಆರಿ ಹೋದಮೇಲೆ ಬಂದು, ಸಾರು ಆರಿದೆ ಅಂತ ಮುಖ ಗಂಟು ಹಾಕೋನು. ಸತ್ತ ಮೇಲಾದರೂ ಹೊತ್ತಿಗೆ ಸರಿಯಾಗಿ ಉಣ್ಣೋ, ನನ್ನಪ್ಪ! ಇವಳು ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿಲ್ಲ."

ಕಾಗೆಗಳು ಮರದಲ್ಲೇ ಕೂಗಿಕೊಂಡವು. ಬಿಸಿಲು ಏರಿತು. ನೋಡನೋಡುತ್ತ ಒಂದು ಗಂಟೆಗಿಂತ ಹೆಚ್ಚಾಗಿಹೋಯಿತು. ವಿಜ್ಞಾನಿಗೆ ಅದು ತಿಳಿಯಲಿಲ್ಲ. ಒಬ್ಬರ ಮಾತು ಮುಗಿದೊಡನೆ ಇನ್ನೊಬ್ಬರ ಮಾತು ಬೇಕೆನಿಸುತ್ತಿತ್ತು. ಹಾಗಿದ್ದೂ ಅವನಿಗೆ ಅಸಮಾಧಾನ. ಅಕ್ಕ ಬೈದದ್ದು ಹೊಸದಲ್ಲ. ಐವತ್ತು ವರ್ಷದಿಂದ ಅದನ್ನೇ ಬೈದಿದ್ದಳು. ಸಹಾಯಕ ಹೇಳಿದ್ದೂ ಹೊಸದಲ್ಲ. ಉಳಿದವಳು ಹೆಂಡತಿ. ಅವಳು ಅಳದೆ ಇಟ್ಟುಕೊಂಡಿರುವ ಮಾತೊಂದು ಇರಲೇಬೇಕು. ಅದಕ್ಕಾಗಿಯೇ ತಾನು ಸತ್ತದ್ದು.

"ಅಮ್ಮಾ, ನೀವು ಒಂದು ಮಾತು ಹೇಳಿಬಿಡಿ," ಎಂದರು ಪುರೋಹಿತರು. "ಹೊತ್ತು ಮೀರುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲ."

ಹೆಂಡತಿ ಎಲೆಯ ಹತ್ತಿರ ಬಂದಳು. ವಿಜ್ಞಾನಿ ಉಸಿರು ಬಿಗಿಹಿಡಿದ. ಅವಳ ಮುಖ ಅವನ ಮುಖದ ನೇರಕ್ಕಿತ್ತು. ಇಷ್ಟು ಹತ್ತಿರದಿಂದ ಅವನು ಅವಳನ್ನು ನೋಡಿ ಬಹಳ ಕಾಲವಾಗಿತ್ತು.

"ನನ್ನ ಹತ್ತಿರ ಉಳಿದ ಮಾತು ಯಾವುದೂ ಇಲ್ಲ," ಎಂದಳು ಹೆಂಡತಿ. "ಹೇಳಬೇಕಾದ್ದನ್ನೆಲ್ಲ ಅವರು ಎದುರಿಗಿದ್ದಾಗಲೇ ಹೇಳಿದ್ದೇನೆ."

ಅಷ್ಟೇ ಹೇಳಿ ಅಕ್ಕನ ಪಕ್ಕಕ್ಕೆ ಹೋಗಿ ನಿಂತಳು.

ವಿಜ್ಞಾನಿ ನೆನಪಿಸಿಕೊಳ್ಳಲು ನೋಡಿದ. ಏನು ಹೇಳಿದ್ದಳು? ಮದುವೆಯಾಗಿ ಇಪ್ಪತ್ತೆರಡು ವರ್ಷ. ದಿನಕ್ಕೆ ಒಂದು ಮಾತೆಂದರೂ ಎಂಟು ಸಾವಿರ. ಅವನು ತಡಕಾಡಿದ. ಶಾಲು ಮಡಿಸಿದ ಸಂಜೆ ನೆನಪಿಗೆ ಬಂತು. ಅವಳ ಬಾಯಿ ಆಡಿದ್ದು ನೆನಪಿಗೆ ಬಂತು. ತಾನು ಅಂದ ಹೂಂ ನೆನಪಿಗೆ ಬಂತು. ಮಾತು ಬರಲಿಲ್ಲ. ಹಿಂದಿನ ವರ್ಷಕ್ಕೆ ಹೋದ. ಅದರ ಹಿಂದಿನ ವರ್ಷಕ್ಕೆ ಹೋದ. ಎಲ್ಲ ಕಡೆಯೂ ತನ್ನ ಹೂಂ ಒಂದೇ ಇತ್ತು.

ಅವನ ಕಾಲು ತಾನಾಗಿ ಹಿಂದೆ ಸರಿಯಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಹೀಗೆ ಹತ್ತು ಹೆಜ್ಜೆ.

ಕಾಗೆ ಇಳಿದು ಬಂದು ಪಿಂಡ ಕಚ್ಚಿಕೊಂಡು ಹಾರಿತು.

"ಮುಟ್ಟಿತು!" ಎಂದು ಎಲ್ಲರೂ ಉಸಿರು ಬಿಟ್ಟರು. ತಮ್ಮ ಕೈ ಮುಗಿದ. "ಅಣ್ಣನಿಗೆ ಬೇಕಾಗಿದ್ದು ಅತ್ತಿಗೆಯ ಮಾತೇ," ಎಂದ. "ಇನ್ನು ತಡಮಾಡುವ ಹಾಗಿಲ್ಲ," ಎಂದರು ಪುರೋಹಿತರು. "ರಾಹುಕಾಲಕ್ಕೆ ಮೊದಲು ಅಮ್ಮನ ಕೆಲಸ ಮುಗಿಸಿಬಿಡಿ. ಸ್ನಾನ, ದಾನ ಆಮೇಲೆ." ಹೆಂಗಸರು ಅವಳನ್ನು ಮೆಟ್ಟಿಲಿನ ಕಡೆಗೆ ಕರೆದೊಯ್ದರು.

ಆಗ ವಿಜ್ಞಾನಿಗೆ ಎಚ್ಚರವಾಯಿತು. ಅವನು ಬಂಡೆಯ ಕಡೆಗೆ ಓಡಲು ಹೊರಟ. ಅರ್ಧ ಗಂಟೆ ಎಲ್ಲಿದೆ? ತಿರುಗಿ ನಿಂತು ಕೂಗಿದ. "ನಿಲ್ಲಿಸಿ! ನಾನು ಇಲ್ಲೇ ಇದ್ದೇನೆ!"

ಎಲ್ಲರಿಗೂ ಕೇಳಿಸಿತು. ಎಲ್ಲರಿಗೂ ದನಿ ಗುರುತು ಸಿಕ್ಕಿತು. ಪುರೋಹಿತರ ಕೈಯ ತಂಬಿಗೆ ಬಿತ್ತು.

"ಇನ್ನೂ ದಾಟಲಾರದೆ ಒದ್ದಾಡುತ್ತಿದೆ," ಎಂದರು ಅವರು. "ಮನೆಯ ಮೋಹ. ಬೇಗ ಮುಗಿಸಿ! ತಡವಾದಷ್ಟೂ ಅದಕ್ಕೇ ಕಷ್ಟ."

ಅವನು ಕೂಗಿದಷ್ಟೂ ಅವರು ಅವಸರ ಮಾಡಿದರು. "ನಾನು ಸತ್ತಿಲ್ಲ!" ಎಂದು ಕೂಗಿದ. "ಸತ್ತವರಿಗೆ ಹಾಗೇ ಅನ್ನಿಸೋದು, ಅಪ್ಪಾ," ಎಂದು ಒಬ್ಬ ಮುದುಕಿ ಗಾಳಿಗೆ ಕೈ ಮುಗಿದಳು. "ಹೋಗಿ ಬಾ. ಒಳ್ಳೆಯದಾಗಲಿ."

ಒಬ್ಬ ಹೆಂಗಸು ಹೆಂಡತಿಯ ಕೈಯನ್ನು ಕಲ್ಲಿನ ಮೇಲೆ ಇರಿಸಿದಳು. ವಿಜ್ಞಾನಿ ಹಾರಿ ಬಂದು ಆ ಕೈಯನ್ನು ಹಿಡಿದ. ಬಳೆ ಉಳಿಯಲೆಂದು ತನ್ನ ಕಡೆಗೆ ಎಳೆದ. ಆ ಹೆಂಗಸು ಬಿಡಲಿಲ್ಲ. ಅವನ ಹಿಡಿತದಲ್ಲೇ, ಅವನ ಅಂಗೈಯ ಒಳಗೇ ಬಳೆಗಳು ಪುಡಿಯಾದವು.

ಹೆಂಡತಿ ತನ್ನ ಮಣಿಕಟ್ಟನ್ನು ನೋಡಿದಳು. ಅದನ್ನು ಹಿಡಿದ ಕೈ ಬೆಚ್ಚಗಿತ್ತು. ಹಿಡಿದದ್ದು ಯಾರೆಂದು ಅವಳಿಗೆ ತಿಳಿಯಿತು. ಸತ್ತವನಲ್ಲ ಎಂದೂ ತಿಳಿಯಿತು. ಹತ್ತು ದಿನ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಎಂಬುದೂ ಅವಳಿಗೆ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಅವನು ಇರಬೇಕಾದ ಜಾಗವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಾನೇ ಸೆರಗಿನ ತುದಿಯಿಂದ ಕುಂಕುಮ ಒರೆಸಿಕೊಂಡಳು.

ವಿಜ್ಞಾನಿ ಸೀಗೆಪುಡಿ ತಿಕ್ಕಿಕೊಂಡು ನೀರಿನಿಂದ ಎದ್ದು ಬಂದಾಗ ಹೆಂಗಸರು ಚೀರಿ ಓಡಿದರು. ಓಡದೆ ಉಳಿದವಳು ಅಕ್ಕ. ಅವಳು ಹತ್ತಿರ ಬಂದು ಅವನ ತೋಳನ್ನು ಚಿವುಟಿದಳು. ಅವನು ಹಾ ಎಂದ. ಅದೇ ಕೈಯಿಂದ ಅವನ ಕೆನ್ನೆಗೆ ಹೊಡೆದಳು.

"ಬದುಕಿದ್ದೀಯಾ? ಬದುಕಿದ್ದೂ ನಿಂತು ನೋಡಿದೆಯಾ?"

ಅವನು ಎಲ್ಲವನ್ನೂ ಹೇಳಿದ. ಪುರೋಹಿತರು ಗ್ರಂಥ ತೆಗೆಸಿ ನೋಡಿದರು. ಕರ್ಮ ಮುಗಿದವನು ತಿರುಗಿ ಬಂದರೆ ಅವನು ಮತ್ತೆ ಹುಟ್ಟಬೇಕು. ಅವನಿಗೆ ಜಾತಕರ್ಮವಾಗಬೇಕು, ಹೆಸರಿಡಬೇಕು, ಉಪನಯನವಾಗಬೇಕು. ಹೆಂಡತಿಯನ್ನು ಹೊಸದಾಗಿ ಕೇಳಿ, ಅವಳು ಒಪ್ಪಿದರೆ ಹೊಸದಾಗಿ ಮದುವೆಯಾಗಬೇಕು. ಅಲ್ಲಿಯವರೆಗೆ ಆ ಮನೆಯ ಹೊಸಲು ದಾಟುವಂತಿಲ್ಲ.

ತಮ್ಮನ ಹಿತ್ತಲಿನಲ್ಲಿ ಅವನನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕೂರಿಸಿ, ತುಪ್ಪ ಬೆರೆಸಿದ ಬಿಸಿನೀರು ಹುಯ್ದರು. ಸೂಲಗಿತ್ತಿಯ ಜಾಗದಲ್ಲಿ ಅಕ್ಕ ನಿಂತು ಅವನನ್ನು ಹೊರಗೆ ಎತ್ತಿದಳು. ನಾಲಗೆಗೆ ಜೇನು ಸವರಿದಳು. "ಐವತ್ತು ವರ್ಷದ ಕೂಸು," ಎಂದಳು. "ಹಲ್ಲು ಬಂದಿದೆ, ಗಡ್ಡವೂ ಬಂದಿದೆ. ಬುದ್ಧಿ ಯಾವತ್ತು ಬರುತ್ತದೋ." ತಮ್ಮನಿಗೆ ಅವನನ್ನು ಅಣ್ಣ ಎನ್ನಬೇಕೋ, ಮಗು ಎನ್ನಬೇಕೋ ತಿಳಿಯಲಿಲ್ಲ. ಪುರೋಹಿತರು ಕಿವಿಯಲ್ಲಿ ಹೊಸ ಹೆಸರನ್ನು ಮೂರು ಸಲ ಹೇಳಿದರು. ವಿಜ್ಞಾನಿ ಎಲ್ಲಕ್ಕೂ ತಲೆಬಾಗಿದ.

ಉಪನಯನವೂ ಮುಗಿದ ಮೇಲೆ ಅವನು ಒಬ್ಬನೇ ತನ್ನ ಮನೆಗೆ ಹೋದ. ಹೊಸಲಿನ ಹೊರಗೆ ನಿಂತ. ಹೆಂಡತಿ ಒಳಗಿನಿಂದ ಬಂದು ಹೊಸಲಿನ ಒಳಗೆ ನಿಂತಳು. ಕೈ ಬರಿದಾಗಿತ್ತು.

"ಆ ಲೇಪವನ್ನೆಲ್ಲ ಹೊಳೆಗೆ ಚೆಲ್ಲಿಬಿಟ್ಟೆ," ಎಂದ ವಿಜ್ಞಾನಿ.

"ಮೀನುಗಳು ಏನು ತಪ್ಪು ಮಾಡಿದ್ದವು?"

ಅವನು ತಲೆ ತಗ್ಗಿಸಿ ಹೇಳಿದ. "ನಿನ್ನನ್ನು ಕೇಳಲು ಬಂದಿದ್ದೇನೆ. ಅದಕ್ಕೆ ಮೊದಲು ಇನ್ನೊಂದು ಕೇಳಬೇಕು. ಹೇಳಬೇಕಾದ್ದನ್ನೆಲ್ಲ ಎದುರಿಗೇ ಹೇಳಿದ್ದೇನೆ ಅಂದೆ. ನನಗೆ ಒಂದೂ ನೆನಪಿಲ್ಲ. ಇನ್ನೊಂದು ಸಲ ಹೇಳು. ಈ ಸಲ ಕೇಳುತ್ತೇನೆ."

ಹೆಂಡತಿ ಅವನನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅದು ನನ್ನ ಗಂಡನಿಗೆ ಹೇಳಿದ ಮಾತು. ಅವರ ಪಿಂಡವನ್ನು ಕಾಗೆ ಎತ್ತಿಕೊಂಡು ಹೋಯಿತು, ನೀವೂ ನೋಡಿದಿರಿ. ನೀವು ಹೊಸಬರು. ಹೊಸಬರ ಹತ್ತಿರ ಮನೆಯ ಮಾತು ಆಡಿ ನನಗೆ ಅಭ್ಯಾಸವಿಲ್ಲ."

ಅವಳು ಒಳಗೆ ಹೋದಳು. ಅವನು ಹೋಗಲೋ ನಿಲ್ಲಲೋ ಎಂದು ನಿಂತಿದ್ದ. ಅವಳು ತಿರುಗಿ ಬಂದಳು. ಊರಿಗೆ ಹೊಸದಾಗಿ ಬಂದವರಿಗೆ ಕೊಡುವ ಹಾಗೆ, ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಒಂದು ಲೋಟ ನೀರು ತಂದು ಜಗಲಿಯ ಮೇಲೆ ಇಟ್ಟಳು.

"ಬಿಸಿಲಲ್ಲಿ ಬಂದಿದ್ದೀರಿ," ಎಂದಳು. "ಕೂತು ಕುಡಿಯಿರಿ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ವಾಮನ ಕಾದ. ಕತೆ ಮುಂದೆ ಹೋಗಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಅವಳು ಒಪ್ಪಿದಳೇ, ಗುರುಗಳೇ? ಅಷ್ಟು ವರ್ಷ ಅವಳು ಅವನಿಗೆ ಹೇಳಿದ್ದಾದರೂ ಏನು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಮೊನ್ನೆ ನಿನ್ನನ್ನು ಎದುರಿಗೆ ಕೂರಿಸಿಕೊಂಡು ನಾನು ನಿನಗೆ ಏನು ಹೇಳಿದೆ, ವಾಮನ?"

ವಾಮನ ನೆನಪಿಸಿಕೊಳ್ಳಲು ನೋಡಿದ. ಮಾತು ಬರಲಿಲ್ಲ.